ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಡಿಎಚ್‌ಸಿಪಿ

ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಎಂದರೆ, ಒಂದು ಗಣಕಜಾಲದ ಕೇಂದ್ರದಲ್ಲಿರುವ ಸ್ವಿಚ್ ಎಂಬ ಉಪಕರಣವೇ ಆ ಜಾಲದ ಗಣಕ, ಪ್ರಿಂಟರ್ ಹಾಗೂ ಮೊಬೈಲ್‌ಗಳಿಗೆ ಐಪಿ ವಿಳಾಸಗಳನ್ನು ತಾನಾಗಿ ಹಂಚುವಂತೆ, ಅಥವಾ ಬೇರೆಡೆ ಇರುವ ಸರ್ವರ್‌ನಿಂದ ತರಿಸಿಕೊಡುವಂತೆ ಮಾಡುವ ವ್ಯವಸ್ಥೆ. ಡಿಎಚ್‌ಸಿಪಿ ಎಂಬುದು ಡೈನಾಮಿಕ್ ಹೋಸ್ಟ್ ಕಾನ್ಫಿಗರೇಶನ್ ಪ್ರೋಟೊಕಾಲ್ ಎಂಬುದರ ಸಂಕ್ಷಿಪ್ತ ರೂಪ. ಶಾಲಾ ಕಾಲೇಜುಗಳ ಗಣಕ ಪ್ರಯೋಗಾಲಯ, ಆಸ್ಪತ್ರೆ, ಬ್ಯಾಂಕ್, ಸರಕಾರಿ ಕಚೇರಿ ಮೊದಲಾದ ಕಡೆಗಳಲ್ಲಿ ಈ ವ್ಯವಸ್ಥೆ ಬಳಕೆಯಲ್ಲಿದೆ. ವಿಳಾಸ ಹಂಚುವ ಕೆಲಸ ಸ್ಥಳೀಯ ಸ್ವಿಚ್‌ನಲ್ಲಿ ನಡೆಯಬೇಕೋ ದೂರದ ಕೇಂದ್ರದಲ್ಲಿ ನಡೆಯಬೇಕೋ ಎಂಬುದು ಇದರ ಸ್ಥಾಪನೆಯಲ್ಲಿ ಮೊದಲು ತೀರ್ಮಾನವಾಗಬೇಕಾದ ವಿಷಯ. ಸಂಪರ್ಕ ಕಡಿದಾಗ ಅಥವಾ ವಿದ್ಯುತ್ ಹೋದಾಗ ಜಾಲದ ಗತಿಯೇನು ಎಂಬುದು ಬಹುಮಟ್ಟಿಗೆ ಈ ತೀರ್ಮಾನವನ್ನು ಅವಲಂಬಿಸಿದೆ.

ಹಿನ್ನೆಲೆ

ಅಂತರಜಾಲದ ನಿಯಮಗಳ ಪ್ರಕಾರ ಜಾಲಕ್ಕೆ ಸೇರಿದ ಪ್ರತಿಯೊಂದು ಉಪಕರಣಕ್ಕೂ ಒಂದು ಐಪಿ ವಿಳಾಸ ಇರಬೇಕು. ಐಪಿವಿ4 ಪದ್ಧತಿಯಲ್ಲಿ ಈ ವಿಳಾಸ 32 ಬಿಟ್‌ಗಳದ್ದಾಗಿದ್ದು, 192.168.20.35 ಎಂಬಂತೆ ನಾಲ್ಕು ಸಂಖ್ಯೆಗಳಲ್ಲಿ ಬರೆಯಲ್ಪಡುತ್ತದೆ. ಈ ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಆದ್ದರಿಂದ ಸಂಸ್ಥೆಗಳು ತಮ್ಮ ಆವರಣದೊಳಗೆ ಬಳಸಿಕೊಳ್ಳಲೆಂದು 10, 172.16ರಿಂದ 172.31 ಹಾಗೂ 192.168 ಎಂದು ಆರಂಭವಾಗುವ ಮೂರು ಗುಂಪುಗಳನ್ನು ಖಾಸಗಿ ವಿಳಾಸಗಳೆಂದು 1996ರ ಫೆಬ್ರವರಿಯ ಆರ್‌ಎಫ್‌ಸಿ 1918 ದಾಖಲೆಯಲ್ಲಿ ಮೀಸಲಿಡಲಾಯಿತು.

ವಿಳಾಸವೊಂದೇ ಸಾಲದು. ಜಾಲದ ಗಡಿ ಎಲ್ಲಿಯವರೆಗೆ ಎಂದು ತಿಳಿಸುವ ಸಬ್‌ನೆಟ್ ಮಾಸ್ಕ್, ಹೊರಜಗತ್ತಿಗೆ ದಾರಿಯಾದ ಗೇಟ್‌ವೇ, ಹೆಸರುಗಳನ್ನು ವಿಳಾಸಗಳಾಗಿ ಪರಿವರ್ತಿಸುವ ಡಿಎನ್‌ಎಸ್ ಸರ್ವರ್ ಇವುಗಳ ವಿವರವೂ ಗಣಕಕ್ಕೆ ಬೇಕು. ಐದಾರು ಗಣಕಗಳಿದ್ದಲ್ಲಿ ಇವನ್ನು ಕೈಯಿಂದಲೇ ನಮೂದಿಸಬಹುದು. ಅರವತ್ತು ಗಣಕಗಳಿದ್ದಲ್ಲಿ ಅದು ಬೇಸರದ ಕೆಲಸ ಮಾತ್ರವಲ್ಲ, ತಪ್ಪಿಗೆ ಆಸ್ಪದವೂ ಹೌದು. ಒಂದೇ ವಿಳಾಸವನ್ನು ಎರಡು ಗಣಕಗಳಿಗೆ ಕೊಟ್ಟರೆ ಎರಡರ ಸಂಪರ್ಕವೂ ತೊಡಕಿಗೆ ಸಿಲುಕುತ್ತದೆ. ಒಂದೇ ತರಗತಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ಹಾಜರಿ ಸಂಖ್ಯೆ ಕೊಟ್ಟಂತೆ ಇದು.

ಇತಿಹಾಸ

ಗಣಕವು ತನ್ನ ವಿಳಾಸವನ್ನು ಜಾಲದಿಂದಲೇ ಕೇಳಿ ಪಡೆಯುವ ಮೊದಲ ಪ್ರಮಾಣಿತ ವಿಧಾನಗಳಲ್ಲಿ ಒಂದಾದ ಆರ್‌ಎಆರ್‌ಪಿ 1984ರ ಜೂನ್‌ನಲ್ಲಿ ಪ್ರಕಟವಾಯಿತು. ಅದು ವಿಳಾಸವನ್ನಷ್ಟೇ ತಿಳಿಸುತ್ತಿತ್ತು. ಗೇಟ್‌ವೇ ಮೊದಲಾದ ಇತರ ವಿವರಗಳನ್ನು ಕೊಡುತ್ತಿರಲಿಲ್ಲ. 1985ರ ಸೆಪ್ಟೆಂಬರ್‌ನಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಅವರು ಬೂಟ್‌ಪಿ ಎಂಬ ಪ್ರೋಟೊಕಾಲನ್ನು ಆರ್‌ಎಫ್‌ಸಿ 951ರಲ್ಲಿ ವಿವರಿಸಿದರು. ಇದರಲ್ಲಿ ಯಾವ ಗಣಕಕ್ಕೆ ಯಾವ ವಿಳಾಸ ಎಂಬ ಪಟ್ಟಿಯನ್ನು ನಿರ್ವಾಹಕರು ಮೊದಲೇ ಬರೆದಿಡಬೇಕಾಗಿತ್ತು. ಹೊಸ ಗಣಕ ಬಂದಾಗಲೆಲ್ಲ ಪಟ್ಟಿ ತಿದ್ದುವುದು ಅನಿವಾರ್ಯವಾಗಿತ್ತು.

ಈ ಕೊರತೆಯನ್ನು ನೀಗಿಸಲು ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಅವರ ಸಂಪಾದಕತ್ವದಲ್ಲಿ ಡಿಎಚ್‌ಸಿಪಿ 1993ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ವಿಳಾಸವನ್ನು ಶಾಶ್ವತವಾಗಿ ಕೊಡದೆ ನಿಗದಿತ ಅವಧಿಗೆ ಮಾತ್ರ ಕೊಟ್ಟು, ಅವಧಿ ಮುಗಿದ ಮೇಲೆ ಹಿಂಪಡೆದು ಮತ್ತೊಬ್ಬರಿಗೆ ಕೊಡುವುದು ಇದರ ಮುಖ್ಯ ಕಲ್ಪನೆ. ಈ ಕರಾರಿಗೆ ಲೀಸ್ ಅಥವಾ ಗುತ್ತಿಗೆ ಎಂದು ಹೆಸರು. 1997ರ ಮಾರ್ಚ್‌ನಲ್ಲಿ ಬಂದ ಆರ್‌ಎಫ್‌ಸಿ 2131 ಐಪಿವಿ4ಕ್ಕೆ ಸಂಬಂಧಿಸಿದಂತೆ ಇಂದಿಗೂ ಮೂಲಾಧಾರವಾಗಿದೆ. ಡಿಎಚ್‌ಸಿಪಿಯು ಬೂಟ್‌ಪಿಯ ಸಂದೇಶದ ರೂಪವನ್ನೂ ಅದರ 67 ಮತ್ತು 68ನೆಯ ಪೋರ್ಟ್ ಸಂಖ್ಯೆಗಳನ್ನೂ ಉಳಿಸಿಕೊಂಡಿತು.

ಮ್ಯಾನೇಜ್ಡ್ ಸ್ವಿಚ್

ಸಾಮಾನ್ಯ ಸ್ವಿಚ್‌ಗೆ ಕೇಬಲ್ ಜೋಡಿಸಿದರೆ ಸಾಕು, ಅದು ಕೆಲಸ ಮಾಡುತ್ತದೆ. ಅದರಲ್ಲಿ ಬದಲಾಯಿಸುವಂಥದ್ದೇನೂ ಇರುವುದಿಲ್ಲ. ಮ್ಯಾನೇಜ್ಡ್ ಸ್ವಿಚ್‌ಗೆ ತನ್ನದೇ ಆದ ತಂತ್ರಾಂಶ, ಪಾಸ್‌ವರ್ಡ್ ಹಾಗೂ ಸೂಚನೆಗಳನ್ನು ಸ್ವೀಕರಿಸುವ ಪುಟ ಅಥವಾ ಆದೇಶ ಸಾಲು ಇರುತ್ತದೆ. ಇದರ ಪೋರ್ಟ್‌ಗಳನ್ನು ಪ್ರತ್ಯೇಕ ಗುಂಪುಗಳಾಗಿ ವಿಂಗಡಿಸಬಹುದು. ಇಂತಹ ಗುಂಪಿಗೆ ವಿಲ್ಯಾನ್ ಎನ್ನುತ್ತಾರೆ. ಒಂದೇ ಪೆಟ್ಟಿಗೆಗೆ ಜೋಡಿಸಲ್ಪಟ್ಟಿದ್ದರೂ ಒಂದು ವಿಲ್ಯಾನ್‌ನ ಗಣಕಕ್ಕೆ ಇನ್ನೊಂದರ ಗಣಕ ನೇರವಾಗಿ ಕಾಣುವುದಿಲ್ಲ.

ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿಯೂ ಎರಡು ಬಗೆಗಳಿವೆ. ಎರಡನೆಯ ಸ್ತರದ ಸ್ವಿಚ್ ಒಂದೇ ವಿಲ್ಯಾನ್‌ನೊಳಗೆ ಮಾತ್ರ ದತ್ತಾಂಶವನ್ನು ಸಾಗಿಸುತ್ತದೆ. ಮೂರನೆಯ ಸ್ತರದ ಸ್ವಿಚ್ ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೂ ದಾರಿ ಕಲ್ಪಿಸುತ್ತದೆ. ಹಲವು ವಿಲ್ಯಾನ್‌ಗಳಿಗೆ ಗೇಟ್‌ವೇ ಆಗಿ ನಿಂತು ವಿಳಾಸ ಹಂಚುವ ಕೆಲಸಕ್ಕೆ ಸಾಮಾನ್ಯವಾಗಿ ಮೂರನೆಯ ಸ್ತರದ ಸ್ವಿಚ್ಚನ್ನೇ ಬಳಸುತ್ತಾರೆ. ಎರಡನೆಯ ಸ್ತರದ ಸ್ವಿಚ್‌ಗಳು ಮುಂದೆ ವಿವರಿಸಿರುವ ಭದ್ರತಾ ಕಾವಲಿಗೆ ಉಪಯುಕ್ತವಾಗಿವೆ.

ವಿಳಾಸ ಹಂಚಿಕೆಯ ವಿಧಾನ

ಗಣಕವು ಚಾಲೂ ಆದಾಗ ಅದಕ್ಕೆ ಸರ್ವರ್ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಆದ್ದರಿಂದ ಅದು ಜಾಲದಲ್ಲಿರುವ ಎಲ್ಲರಿಗೂ ಕೇಳಿಸುವಂತೆ ಸಂದೇಶ ಕಳುಹಿಸುತ್ತದೆ. ಮುಂದಿನ ಸಂವಾದ ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

1. ಶೋಧನೆ: ವಿಳಾಸ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಗಣಕ ಕೇಳುತ್ತದೆ.
2. ಪ್ರಸ್ತಾಪ: ಸರ್ವರ್ ತನ್ನಲ್ಲಿ ಖಾಲಿ ಇರುವ ಒಂದು ವಿಳಾಸವನ್ನು ಕೊಡುವುದಾಗಿ ತಿಳಿಸುತ್ತದೆ.
3. ಕೋರಿಕೆ: ಆ ವಿಳಾಸವೇ ಬೇಕೆಂದು ಗಣಕ ವಿಧ್ಯುಕ್ತವಾಗಿ ಕೋರುತ್ತದೆ.
4. ಸಮ್ಮತಿ: ಸರ್ವರ್ ಒಪ್ಪಿ, ಗುತ್ತಿಗೆಯ ಅವಧಿ ಮತ್ತು ಇತರ ವಿವರಗಳನ್ನು ಕಳುಹಿಸಿ, ತನ್ನ ಪಟ್ಟಿಯಲ್ಲಿ ನಮೂದಿಸಿಕೊಳ್ಳುತ್ತದೆ.

ಅವಧಿಯ ಅರ್ಧ ಭಾಗ ಕಳೆದಾಗ ಗಣಕವು ಗುತ್ತಿಗೆಯ ನವೀಕರಣವನ್ನು ಕೋರುತ್ತದೆ. ಉತ್ತರ ಬಾರದಿದ್ದರೆ ಶೇಕಡಾ 87.5ರಷ್ಟು ಅವಧಿ ಮುಗಿದಾಗ ಯಾವುದೇ ಸರ್ವರ್ ಆದರೂ ಸರಿ ಎಂದು ಎಲ್ಲರನ್ನೂ ಕೇಳುತ್ತದೆ. ಅವಧಿ ಪೂರ್ಣಗೊಂಡರೆ ವಿಳಾಸವನ್ನು ಬಿಟ್ಟುಕೊಡಬೇಕು. ಯಾವ ಸರ್ವರೂ ಸಿಗದಿದ್ದಲ್ಲಿ ವಿಂಡೋಸ್ ಮೊದಲಾದ ಕಾರ್ಯವ್ಯವಸ್ಥೆಗಳು 169.254 ಎಂದು ಆರಂಭವಾಗುವ ವಿಳಾಸವನ್ನು ತಾವೇ ಆರಿಸಿಕೊಳ್ಳುತ್ತವೆ. ಈ ಬಗೆಯ ವಿಳಾಸದಿಂದ ಅಂತರಜಾಲ ದೊರೆಯುವುದಿಲ್ಲ. ಹಾಗಾಗಿ ಪರದೆಯಲ್ಲಿ 169.254 ಕಂಡುಬಂದರೆ ಡಿಎಚ್‌ಸಿಪಿ ಸರ್ವರ್ ಗಣಕಕ್ಕೆ ತಲಪಿಲ್ಲ ಎಂದು ತಿಳಿಯಬೇಕು.

ವಿಳಾಸ ಯೋಜನೆ

ಸ್ವಿಚ್‌ಗೆ ಕೈಹಚ್ಚುವ ಮೊದಲು ಕಾಗದದ ಮೇಲೆ ಯೋಜನೆ ಸಿದ್ಧವಾಗಿರಬೇಕು. ಉದಾಹರಣೆಗೆ, ಕಾರವಾರದ ಒಂದು ಕಾಲೇಜಿನಲ್ಲಿ ಕಚೇರಿ, ಗಣಕ ಪ್ರಯೋಗಾಲಯ ಹಾಗೂ ಅತಿಥಿಗಳ ವೈಫೈ ಎಂಬ ಮೂರು ವಿಭಾಗಗಳಿವೆ ಎಂದು ಭಾವಿಸಿದರೆ ಯೋಜನೆ ಹೀಗಿರಬಹುದು:

- ಕಚೇರಿ: ವಿಲ್ಯಾನ್ 10, ಜಾಲ 192.168.10.0, ಗೇಟ್‌ವೇ 192.168.10.1, ಗುತ್ತಿಗೆ 8 ದಿನ
- ಪ್ರಯೋಗಾಲಯ: ವಿಲ್ಯಾನ್ 20, ಜಾಲ 192.168.20.0, ಗೇಟ್‌ವೇ 192.168.20.1, ಗುತ್ತಿಗೆ 1 ದಿನ
- ಅತಿಥಿ ವೈಫೈ: ವಿಲ್ಯಾನ್ 30, ಜಾಲ 192.168.30.0, ಗೇಟ್‌ವೇ 192.168.30.1, ಗುತ್ತಿಗೆ 2 ಗಂಟೆ

ಮೂರಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಪ್ರತಿಯೊಂದು ಜಾಲದಲ್ಲಿ ಬಳಕೆಗೆ ಸಿಗುವ ವಿಳಾಸಗಳು 254. ಇವುಗಳಲ್ಲಿ 1ರಿಂದ 20ರವರೆಗಿನವನ್ನು ಗೇಟ್‌ವೇ, ಪ್ರಿಂಟರ್, ಕ್ಯಾಮೆರಾ ಮೊದಲಾದ ಸ್ಥಿರ ಉಪಕರಣಗಳಿಗೆ ತೆಗೆದಿರಿಸಿದರೆ ಹಂಚಿಕೆಗೆ 234 ಉಳಿಯುತ್ತವೆ.

ಗುತ್ತಿಗೆಯ ಅವಧಿಯನ್ನು ಹೀಗೆ ಬೇರೆ ಬೇರೆಯಾಗಿ ಇಡುವುದಕ್ಕೆ ಕಾರಣವಿದೆ. ಅತಿಥಿ ವೈಫೈಗೆ ಬೆಳಿಗ್ಗೆ 150 ಮೊಬೈಲ್‌ಗಳೂ ಮಧ್ಯಾಹ್ನದ ನಂತರ ಬೇರೆ 150 ಮೊಬೈಲ್‌ಗಳೂ ಬಂದವೆನ್ನೋಣ. ಗುತ್ತಿಗೆ ಒಂದು ದಿನದ್ದಾದರೆ ಒಟ್ಟು 300 ವಿಳಾಸಗಳು ಬೇಕಾಗುತ್ತವೆ, ಇರುವುದು 234. ಮಧ್ಯಾಹ್ನ ಬಂದವರಲ್ಲಿ 66 ಮಂದಿಗೆ ವಿಳಾಸವಿಲ್ಲ. ಎರಡು ಗಂಟೆಯ ಗುತ್ತಿಗೆಯಾದರೆ ಬೆಳಗಿನವರು ಹೋದ ಬಳಿಕ ಅವರ ವಿಳಾಸಗಳು ಮರಳಿ ಬಂದು ಎಲ್ಲರಿಗೂ ಸಾಕಾಗುತ್ತವೆ. ಸಿಸ್ಕೊ ಕಂಪನಿಯ ಐಒಎಸ್ ತಂತ್ರಾಂಶದಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಗುತ್ತಿಗೆ ಒಂದು ದಿನ, ವಿಂಡೋಸ್ ಸರ್ವರ್‌ನಲ್ಲಿ ಎಂಟು ದಿನ ಇರುತ್ತದೆ.

ಸ್ಥಾಪನೆಯ ಕ್ರಮ

ಆದೇಶಗಳ ಪದಗಳು ಕಂಪನಿಯಿಂದ ಕಂಪನಿಗೆ ಬೇರೆಯಾದರೂ ಕೆಲಸದ ಕ್ರಮ ಬಹುಮಟ್ಟಿಗೆ ಒಂದೇ.

1. ಕನ್ಸೋಲ್ ಕೇಬಲ್ ಮೂಲಕ ಅಥವಾ ಬ್ರೌಸರ್ ಮೂಲಕ ಸ್ವಿಚ್ಚನ್ನು ಪ್ರವೇಶಿಸಿ, ಕಾರ್ಖಾನೆಯ ಪಾಸ್‌ವರ್ಡನ್ನು ಬದಲಾಯಿಸಬೇಕು.
2. ಯೋಜನೆಯಂತೆ ವಿಲ್ಯಾನ್‌ಗಳನ್ನು ರಚಿಸಿ, ಪ್ರತಿಯೊಂದು ಪೋರ್ಟನ್ನು ಅದರದರ ವಿಲ್ಯಾನ್‌ಗೆ ಸೇರಿಸಬೇಕು.
3. ಪ್ರತಿ ವಿಲ್ಯಾನ್‌ಗೂ ಸ್ವಿಚ್‌ನ ಪರವಾಗಿ ಒಂದು ಸ್ಥಿರ ವಿಳಾಸ ಕೊಡಬೇಕು. ಇದೇ ಆ ವಿಭಾಗದ ಗೇಟ್‌ವೇ. ವಿಳಾಸ ಹಂಚುವ ಉಪಕರಣವು ತನ್ನ ವಿಳಾಸವನ್ನು ಹಂಚಿಕೆಯಿಂದ ಪಡೆಯಲಾಗದು.
4. ಸ್ಥಿರ ಉಪಕರಣಗಳಿಗೆ ತೆಗೆದಿರಿಸಿದ ವಿಳಾಸಗಳನ್ನು ಹಂಚಿಕೆಯಿಂದ ಹೊರಗಿಡಬೇಕು. ಈ ಹಂತವನ್ನು ಮುಂದಿನದಕ್ಕಿಂತ ಮೊದಲೇ ಮುಗಿಸಬೇಕು. ಇಲ್ಲವಾದರೆ ಪ್ರಿಂಟರ್‌ನ ವಿಳಾಸ ಯಾವುದಾದರೂ ಗಣಕದ ಪಾಲಾಗಬಹುದು.
5. ಪ್ರತಿ ವಿಲ್ಯಾನ್‌ಗೂ ಪೂಲ್ ಎಂಬ ವಿಳಾಸ ಸಂಗ್ರಹವನ್ನು ರಚಿಸಿ, ಅದರಲ್ಲಿ ಜಾಲದ ಸಂಖ್ಯೆ, ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಸರ್ವರ್ ಹಾಗೂ ಗುತ್ತಿಗೆಯ ಅವಧಿಯನ್ನು ನಮೂದಿಸಬೇಕು.
6. ಸೇವೆಯನ್ನು ಚಾಲೂ ಮಾಡಿ, ಒಂದೊಂದು ವಿಲ್ಯಾನ್‌ನಿಂದ ಒಂದೊಂದು ಗಣಕವನ್ನು ಜೋಡಿಸಿ ಪರೀಕ್ಷಿಸಬೇಕು.
7. ಮಾಡಿದ ಬದಲಾವಣೆಗಳನ್ನು ಶಾಶ್ವತ ಸ್ಮೃತಿಯಲ್ಲಿ ಉಳಿಸಬೇಕು. ಹಲವು ಸ್ವಿಚ್‌ಗಳಲ್ಲಿ ಹೊಸ ಸೂಚನೆಗಳು ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಇರುತ್ತವೆ. ಉಳಿಸದೆ ಬಿಟ್ಟರೆ ವಿದ್ಯುತ್ ಹೋಗಿ ಬಂದಾಗ ಸ್ವಿಚ್ ಹಳೆಯ ಸ್ಥಿತಿಗೆ ಮರಳುತ್ತದೆ.

ವಿದ್ಯುತ್ ವ್ಯತ್ಯಯ ಮತ್ತು ಗುತ್ತಿಗೆಯ ಪಟ್ಟಿ

ಸೂಚನೆಗಳನ್ನು ಉಳಿಸಿದ್ದರೂ ಯಾವ ವಿಳಾಸ ಯಾರ ಬಳಿ ಇದೆ ಎಂಬ ಗುತ್ತಿಗೆಯ ಪಟ್ಟಿ ಅನೇಕ ಸ್ವಿಚ್‌ಗಳಲ್ಲಿ ತಾತ್ಕಾಲಿಕ ಸ್ಮೃತಿಯಲ್ಲಿಯೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಯ ಅಬ್ಬರವಿರುವ ಕಾರವಾರ, ಅಂಕೋಲಾಗಳಂತಹ ಕರಾವಳಿಯ ಊರುಗಳಲ್ಲಿ ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ. ವಿದ್ಯುತ್ ಹೋಗಿ ಬಂದಾಗ ಸ್ವಿಚ್ ಎಲ್ಲವನ್ನೂ ಮರೆತಿರುತ್ತದೆ. ಬ್ಯಾಟರಿಯ ಬಲದಿಂದ ನಡೆಯುತ್ತಿದ್ದ ಲ್ಯಾಪ್‌ಟಾಪ್‌ಗಳು ಮಾತ್ರ ಹಳೆಯ ವಿಳಾಸಗಳನ್ನು ಹಿಡಿದುಕೊಂಡೇ ಇರುತ್ತವೆ. ಆಗ ಹೊಸದಾಗಿ ಬಂದ ಗಣಕಕ್ಕೆ ಸ್ವಿಚ್ ಅದೇ ವಿಳಾಸವನ್ನು ಮತ್ತೆ ಕೊಡುವ ಅಪಾಯವಿದೆ.

ಇದನ್ನು ತಡೆಯಲು ಕೆಲವು ಉಪಾಯಗಳಿವೆ. ಸಿಸ್ಕೊ ಸ್ವಿಚ್‌ಗಳು ವಿಳಾಸ ಕೊಡುವ ಮೊದಲು ಆ ವಿಳಾಸಕ್ಕೆ ಎರಡು ಬಾರಿ ಪಿಂಗ್ ಸಂದೇಶ ಕಳುಹಿಸಿ, ಉತ್ತರ ಬಂದರೆ ಅದನ್ನು ಬಿಟ್ಟು ಬೇರೆಯದನ್ನು ಕೊಡುತ್ತವೆ. ಆದರೆ ಗಣಕದ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸದಂತೆ ತಡೆದಿದ್ದರೆ ಈ ಪರೀಕ್ಷೆ ವಿಫಲವಾಗುತ್ತದೆ. ವಿಳಾಸ ಪಡೆದ ಗಣಕವೂ ಅದು ಬೇರೆಯವರ ಬಳಿ ಇದೆಯೇ ಎಂದು ಪರೀಕ್ಷಿಸಿ, ಇದ್ದರೆ ನಿರಾಕರಿಸಬಹುದು. ಇವೆರಡಕ್ಕಿಂತ ಭದ್ರವಾದುದು ಗುತ್ತಿಗೆಯ ಪಟ್ಟಿಯನ್ನು ಆಗಾಗ ಫ್ಲ್ಯಾಶ್ ಸ್ಮೃತಿಗೆ ಅಥವಾ ಬೇರೊಂದು ಸರ್ವರ್‌ಗೆ ಬರೆದಿಡುವಂತೆ ಸೂಚಿಸುವುದು ಮತ್ತು ಸ್ವಿಚ್‌ಗೆ ಯುಪಿಎಸ್ ಒದಗಿಸುವುದು.

ರಿಲೇ ವ್ಯವಸ್ಥೆ

ಗಣಕದ ಮೊದಲ ಕೂಗು ತನ್ನ ವಿಲ್ಯಾನ್‌ನ ಗಡಿ ದಾಟುವುದಿಲ್ಲ. ಸರ್ವರ್ ಬೇರೆ ವಿಲ್ಯಾನ್‌ನಲ್ಲಿ ಅಥವಾ ಬೇರೆ ಊರಿನಲ್ಲಿ ಇದ್ದರೆ ಅದಕ್ಕೆ ಈ ಕೂಗು ಕೇಳಿಸದು. ಆಗ ಸ್ವಿಚ್ ಮಧ್ಯವರ್ತಿಯಾಗಿ ನಿಂತು ಗಣಕದ ಸಂದೇಶವನ್ನು ಸರ್ವರ್‌ಗೆ ತಲಪಿಸುತ್ತದೆ. ಇದೇ ರಿಲೇ. ಸಂದೇಶದೊಳಗೆ ಸ್ವಿಚ್ ತನ್ನ ಆ ವಿಲ್ಯಾನ್‌ನ ವಿಳಾಸವನ್ನು ಬರೆಯುವುದರಿಂದ, ಯಾವ ಸಂಗ್ರಹದಿಂದ ವಿಳಾಸ ಕೊಡಬೇಕೆಂದು ಸರ್ವರ್‌ಗೆ ತಿಳಿಯುತ್ತದೆ. ಕೋರಿಕೆ ಯಾವ ಪೋರ್ಟ್‌ನಿಂದ ಬಂತು ಎಂಬಂಥ ವಿವರವನ್ನೂ ಸೇರಿಸುವ 82ನೆಯ ಆಯ್ಕೆಯನ್ನು 2001ರ ಜನವರಿಯ ಆರ್‌ಎಫ್‌ಸಿ 3046 ವಿವರಿಸಿದೆ.

ಸರಕಾರಿ ಜಾಲಗಳಂತಹ ವಿಸ್ತಾರವಾದ ಜಾಲಗಳಲ್ಲಿ ಈ ಪ್ರಶ್ನೆ ಸಹಜವಾಗಿ ಏಳುತ್ತದೆ. ರಾಜ್ಯಗಳ ಸ್ವಂತ ಜಾಲಗಳಿಗಾಗಿ ಸ್ವಾನ್ ಎಂಬ ಯೋಜನೆಗೆ ಕೇಂದ್ರ ಸರಕಾರವು 2005ರ ಮಾರ್ಚ್‌ನಲ್ಲಿ 3,334 ಕೋಟಿ ರೂಪಾಯಿಗಳ ಅಂದಾಜು ವೆಚ್ಚದೊಂದಿಗೆ ಅನುಮೋದನೆ ನೀಡಿತು. ರಾಜಧಾನಿಯಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಕೇಂದ್ರಕ್ಕೆ ಕನಿಷ್ಠ 2 ಎಂಬಿಪಿಎಸ್ ವೇಗದ ಸಂಪರ್ಕ ಕಲ್ಪಿಸುವುದು ಅದರ ಗುರಿಯಾಗಿತ್ತು. ಕರ್ನಾಟಕದಲ್ಲಿ ಈ ಜಾಲಕ್ಕೆ ಕೆಸ್ವಾನ್ ಎಂದು ಹೆಸರು. ಈ ಮೂರು ಹಂತದ ರಚನೆಯನ್ನು ಉತ್ತರ ಕನ್ನಡ ಜಿಲ್ಲೆಗೆ ಅನ್ವಯಿಸಿದರೆ ಬೆಂಗಳೂರು, ಜಿಲ್ಲಾ ಕೇಂದ್ರವಾದ ಕಾರವಾರ, ಅಂಕೋಲಾದಂತಹ ತಾಲ್ಲೂಕು ಕೇಂದ್ರ ಎಂಬ ಸಾಲು ದೊರೆಯುತ್ತದೆ.

ಸ್ಥಳೀಯ ಹಂಚಿಕೆ ಮತ್ತು ಕೇಂದ್ರೀಯ ಹಂಚಿಕೆ

ಇಂತಹ ಸಾಲಿನಲ್ಲಿ ತಾಲ್ಲೂಕು ಕಚೇರಿಯ ಗಣಕಗಳಿಗೆ ವಿಳಾಸವನ್ನು ಅಲ್ಲಿನ ಸ್ವಿಚ್ಚೇ ಕೊಡಬಹುದು. ಅಥವಾ ರಿಲೇ ಮೂಲಕ ಜಿಲ್ಲಾ ಕೇಂದ್ರದ ಸರ್ವರ್ ಕೊಡಬಹುದು. ಕೇಂದ್ರೀಯ ಹಂಚಿಕೆಯಲ್ಲಿ ಎಲ್ಲ ಕಚೇರಿಗಳ ಪಟ್ಟಿ ಒಂದೇ ಕಡೆ ಸಿಗುತ್ತದೆ, ಬದಲಾವಣೆ ಮಾಡುವುದು ಸುಲಭ, ಬಲ್ಲ ಸಿಬ್ಬಂದಿಯ ನಿಗಾ ಇರುತ್ತದೆ. ಆದರೆ ನಡುವಿನ ಸಂಪರ್ಕ ಕಡಿದರೆ ಹೊಸದಾಗಿ ಚಾಲೂ ಆದ ಗಣಕಕ್ಕೆ ವಿಳಾಸ ಸಿಗುವುದಿಲ್ಲ. ಅದೇ ಕೊಠಡಿಯಲ್ಲಿರುವ ಪ್ರಿಂಟರ್‌ಗೆ ಒಂದು ಹಾಳೆ ಕಳುಹಿಸುವುದೂ ಕಷ್ಟವಾಗುತ್ತದೆ.

ಪಶ್ಚಿಮ ಘಟ್ಟ ಮತ್ತು ಸಮುದ್ರದ ನಡುವಿನ ಕಿರಿದಾದ ಪಟ್ಟಿಯಲ್ಲಿರುವ ಈ ಪ್ರದೇಶದಲ್ಲಿ ಸಂಪರ್ಕ ಕಡಿಯುವುದು ಕೇವಲ ಊಹೆಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು; ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ಹಲವು ದಿನ ಸ್ಥಗಿತಗೊಂಡಿತ್ತು. ಸಂಪರ್ಕದ ಕೇಬಲ್‌ಗಳನ್ನು ರಸ್ತೆಯ ಅಂಚಿನಲ್ಲೇ ಹೂಳುವ ರೂಢಿ ಇರುವುದರಿಂದ ರಸ್ತೆಗೆ ಒದಗುವ ಅಪಾಯ ಜಾಲಕ್ಕೂ ಒದಗಬಹುದು.

ಆದ್ದರಿಂದ ಸಂಪರ್ಕ ಅನಿಶ್ಚಿತವಾಗಿರುವ ಕಚೇರಿಗಳಲ್ಲಿ ಸ್ಥಳೀಯ ಸ್ವಿಚ್‌ನಿಂದಲೇ ವಿಳಾಸ ಕೊಟ್ಟು, ದಾಖಲೆಯನ್ನು ಮಾತ್ರ ಕೇಂದ್ರಕ್ಕೆ ಕಳುಹಿಸುವುದು ಒಂದು ಮಾರ್ಗ. ಕೇಂದ್ರೀಯ ಹಂಚಿಕೆಯೇ ಬೇಕೆಂದಾದರೆ ಗುತ್ತಿಗೆಯ ಅವಧಿಯನ್ನು ದೀರ್ಘವಾಗಿಡುವುದು ಇನ್ನೊಂದು ಮಾರ್ಗ. ಎಂಟು ದಿನದ ಗುತ್ತಿಗೆಯ ಗಣಕ ನಾಲ್ಕನೆಯ ದಿನವೇ ನವೀಕರಣಕ್ಕೆ ಯತ್ನಿಸುವುದರಿಂದ, ಸದಾ ಚಾಲೂ ಇರುವ ಗಣಕಕ್ಕೆ ಸಂಪರ್ಕ ಕಡಿದ ಕ್ಷಣದಲ್ಲಿ ಸಾಮಾನ್ಯವಾಗಿ ಕನಿಷ್ಠ ನಾಲ್ಕು ದಿನಗಳ ಅವಧಿ ಉಳಿದಿರುತ್ತದೆ. ಒಂದು ದಿನದ ಗುತ್ತಿಗೆಯಾದರೆ ಉಳಿಯುವುದು ಹನ್ನೆರಡು ಗಂಟೆ.

ಭದ್ರತೆ

ಡಿಎಚ್‌ಸಿಪಿಯ ಮೂಲ ನಿಯಮಗಳಲ್ಲಿ ಸರ್ವರ್ ಅಸಲಿಯೇ ಎಂದು ಗಣಕ ಪರಿಶೀಲಿಸುವ ಏರ್ಪಾಡಿಲ್ಲ. ಯಾರು ಮೊದಲು ಪ್ರಸ್ತಾಪ ಕಳುಹಿಸುತ್ತಾರೋ ಅವರ ವಿಳಾಸವನ್ನೇ ಗಣಕಗಳು ಸಾಮಾನ್ಯವಾಗಿ ಒಪ್ಪುತ್ತವೆ. ಮನೆಬಳಕೆಯ ವೈಫೈ ರೂಟರೊಂದನ್ನು ಯಾರಾದರೂ ಪ್ರಯೋಗಾಲಯದ ಗೋಡೆಯ ಸಾಕೆಟ್‌ಗೆ ಅರಿಯದೆ ಜೋಡಿಸಿದರೆ ಅದೂ ವಿಳಾಸ ಹಂಚಲು ತೊಡಗುತ್ತದೆ. ಕೆಲವು ಗಣಕಗಳಿಗೆ ಸರಿಯಾದ ವಿಳಾಸ, ಕೆಲವಕ್ಕೆ ತಪ್ಪು ವಿಳಾಸ ಸಿಕ್ಕಿ, ಕಾರಣ ತಿಳಿಯದ ಗೊಂದಲ ಉಂಟಾಗುತ್ತದೆ. ದುರುದ್ದೇಶದಿಂದ ಹೀಗೆ ಮಾಡಿದವರು ತಮ್ಮ ಗಣಕವನ್ನೇ ಗೇಟ್‌ವೇ ಎಂದು ನಂಬಿಸಿ, ಎಲ್ಲರ ದತ್ತಾಂಶ ತಮ್ಮ ಮೂಲಕ ಹಾದುಹೋಗುವಂತೆ ಮಾಡಬಹುದು. ಸುಳ್ಳು ಗುರುತುಗಳಿಂದ ಸಾವಿರಾರು ಕೋರಿಕೆ ಸಲ್ಲಿಸಿ ಸಂಗ್ರಹವನ್ನೇ ಬರಿದು ಮಾಡುವ ದಾಳಿಯೂ ಉಂಟು.

ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಇದಕ್ಕೆ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಕಾವಲಿದೆ. ಸರ್ವರ್ ಇರುವ ದಿಕ್ಕಿನ ಪೋರ್ಟನ್ನು ಮಾತ್ರ ವಿಶ್ವಾಸಾರ್ಹವೆಂದು ಗುರುತಿಸಲಾಗುತ್ತದೆ. ಉಳಿದ ಪೋರ್ಟ್‌ಗಳಿಂದ ಬರುವ ಪ್ರಸ್ತಾಪ ಮತ್ತು ಸಮ್ಮತಿಯ ಸಂದೇಶಗಳನ್ನು ಸ್ವಿಚ್ ತಡೆಹಿಡಿಯುತ್ತದೆ. ಪ್ರತಿ ಪೋರ್ಟ್‌ನಿಂದ ಸೆಕೆಂಡಿಗೆ ಇಷ್ಟೇ ಕೋರಿಕೆ ಎಂಬ ಮಿತಿಯನ್ನೂ ಹಾಕಬಹುದು. ಮೇಲಿನ ಸ್ವಿಚ್ ಕಡೆಗಿನ ಪೋರ್ಟನ್ನು ವಿಶ್ವಾಸಾರ್ಹವೆಂದು ಗುರುತಿಸದೆ ಈ ಕಾವಲನ್ನು ಚಾಲೂ ಮಾಡಿದರೆ ಅಸಲಿ ಸರ್ವರ್‌ನ ಉತ್ತರವೂ ತಡೆಯಲ್ಪಟ್ಟು ಯಾರಿಗೂ ವಿಳಾಸ ಸಿಗುವುದಿಲ್ಲ.

ಗುತ್ತಿಗೆಯ ದಾಖಲೆಗೆ ಕಾನೂನಿನ ಮಹತ್ವವೂ ಇದೆ. ಯಾವ ಹೊತ್ತಿನಲ್ಲಿ ಯಾವ ವಿಳಾಸ ಯಾವ ಉಪಕರಣದ ಬಳಿ ಇತ್ತು ಎಂಬುದು ಸೈಬರ್ ಅಪರಾಧದ ತನಿಖೆಯಲ್ಲಿ ಮುಖ್ಯ ಸುಳಿವಾಗುತ್ತದೆ. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಂತೆ ಸೇವಾದಾರರು, ಕಂಪನಿಗಳು ಹಾಗೂ ಸರಕಾರಿ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನ ಕಾಪಾಡಬೇಕು. ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು. ಗಡಿಯಾರ ತಪ್ಪಿದ್ದರೆ ದಾಖಲೆಯು ನಿರಪರಾಧಿಯತ್ತ ಬೆರಳು ತೋರಿಸುವ ಸಂಭವವಿದೆ.

ಸಾಮಾನ್ಯ ದೋಷಗಳು

- ಒಂದು ವಿಲ್ಯಾನ್‌ನ ಎಲ್ಲ ಗಣಕಗಳಲ್ಲೂ 169.254ರ ವಿಳಾಸ: ಪೂಲ್ ಇಲ್ಲ, ರಿಲೇ ಇಲ್ಲ, ಅಥವಾ ಸ್ನೂಪಿಂಗ್‌ನ ವಿಶ್ವಾಸಾರ್ಹ ಪೋರ್ಟ್ ತಪ್ಪಾಗಿದೆ.
- ಒಂದೇ ಗಣಕದಲ್ಲಿ ಈ ತೊಂದರೆ: ಕೇಬಲ್ ಸಡಿಲವಾಗಿದೆ, ಅಥವಾ ಪೋರ್ಟ್ ಬೇರೆ ವಿಲ್ಯಾನ್‌ಗೆ ಸೇರಿದೆ.
- ಗಣಕ ಚಾಲೂ ಆದ ಅರ್ಧ ನಿಮಿಷದ ನಂತರವಷ್ಟೇ ವಿಳಾಸ ಸಿಗುವುದು: ಸ್ಪ್ಯಾನಿಂಗ್ ಟ್ರೀ ನಿಯಮವು ಪೋರ್ಟನ್ನು ತೆರೆಯುವ ಮೊದಲು 15 ಸೆಕೆಂಡುಗಳ ಎರಡು ಹಂತ ಕಾಯಿಸುತ್ತದೆ. ಗಣಕಗಳ ಪೋರ್ಟ್‌ಗಳಿಗೆ ಈ ಕಾಯುವಿಕೆಯಿಂದ ವಿನಾಯಿತಿ ಕೊಡಬಹುದು.
- ವಿಳಾಸ ಇದ್ದರೂ ಅಂತರಜಾಲ ಇಲ್ಲ: ಪೂಲ್‌ನಲ್ಲಿ ಗೇಟ್‌ವೇ ಅಥವಾ ಡಿಎನ್‌ಎಸ್ ತಪ್ಪಾಗಿ ನಮೂದಾಗಿದೆ.
- ಮೊಬೈಲ್‌ಗೆ ಕಾದಿರಿಸಿದ ವಿಳಾಸ ಸಿಗದಿರುವುದು: 2019ರ ಆಂಡ್ರಾಯ್ಡ್ 10 ಹಾಗೂ 2020ರ ಐಒಎಸ್ 14ರಿಂದೀಚೆಗೆ ಮೊಬೈಲ್‌ಗಳು ವೈಫೈ ಜಾಲಕ್ಕೆ ತಮ್ಮ ನಿಜವಾದ ಮ್ಯಾಕ್ ಗುರುತಿನ ಬದಲು ಯಾದೃಚ್ಛಿಕ ಗುರುತನ್ನು ತೋರಿಸುತ್ತವೆ.

ಐಪಿವಿ6ರಲ್ಲಿ

128 ಬಿಟ್‌ಗಳ ಐಪಿವಿ6 ಪದ್ಧತಿಯಲ್ಲಿ ವಿಳಾಸಗಳಿಗೆ ಕೊರತೆಯಿಲ್ಲ. ಇಲ್ಲಿ ಗೇಟ್‌ವೇ ಸಾರುವ ಜಾಲದ ಸಂಖ್ಯೆಯನ್ನು ಆಧರಿಸಿ ಗಣಕವೇ ತನ್ನ ವಿಳಾಸವನ್ನು ರೂಪಿಸಿಕೊಳ್ಳಬಹುದು. ವಿಳಾಸಗಳ ಮೇಲೆ ಹಿಡಿತ ಹಾಗೂ ದಾಖಲೆ ಬೇಕಾದ ಸಂಸ್ಥೆಗಳಿಗಾಗಿ ಡಿಎಚ್‌ಸಿಪಿವಿ6 ಎಂಬ ಪ್ರತ್ಯೇಕ ಪ್ರೋಟೊಕಾಲ್ 2003ರ ಜುಲೈನಲ್ಲಿ ಬಂದಿತು. 2018ರ ನವೆಂಬರ್‌ನಲ್ಲಿ ಅದನ್ನು ಆರ್‌ಎಫ್‌ಸಿ 8415 ಪರಿಷ್ಕರಿಸಿತು. ಇದು 546 ಮತ್ತು 547ನೆಯ ಪೋರ್ಟ್‌ಗಳನ್ನು ಬಳಸುತ್ತದೆ. ಗೇಟ್‌ವೇಯ ವಿವರವನ್ನು ಡಿಎಚ್‌ಸಿಪಿವಿ6 ಕೊಡುವುದಿಲ್ಲ. ಅದು ಗೇಟ್‌ವೇಯ ಸಾರಿಕೆಯಿಂದಲೇ ಗಣಕಕ್ಕೆ ತಿಳಿಯಬೇಕು. ಎರಡೂ ಪದ್ಧತಿಗಳು ಜೊತೆಯಾಗಿ ನಡೆಯುವ ಜಾಲಗಳಲ್ಲಿ ಸ್ವಿಚ್‌ನ ಕಾವಲನ್ನು ಎರಡಕ್ಕೂ ಪ್ರತ್ಯೇಕವಾಗಿ ಚಾಲೂ ಮಾಡಬೇಕಾಗುತ್ತದೆ.